ಇಪ್ಪತ್ತು ಕೊಡಪಾನ ನೀರು

ಗಂಗೊಳ್ಳಿ ಅಳಿವೆಯ ಒಳಮಗ್ಗುಲು. ಜುಲೈ ತಿಂಗಳ ಮಳೆ ಈಗಷ್ಟೇ ಬಿಟ್ಟಿದೆ. ತೆಂಗಿನ ಬುಡದಲ್ಲಿ ಮಗುಚಿ ಹಾಕಿದ ಫೈಬರ್ ಪಾತಿ ದೋಣಿ. ಹದಿನೆಂಟು ಅಡಿ ಇರಬಹುದು, ಮೈತುಂಬ ಹೊಸ ನೀಲಿ ಬಣ್ಣ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಮಾವ ನನ್ನ ನೀಲಿ ಬೆರಳನ್ನೇ ನೋಡುತ್ತಾರೆ.

"ಮಳಿಗಾಲ್ದಗ್ ಯಾರ್ ಬಣ್ಣ ಹೊಡಿತ್ರ್ ಮಾರಾಯ್ರೆ?"

"ಚಂದ ಕಾಣ್ಲಿ ಅಂದ್ಕಂಡ್, ಹ್ವಾಯ್," ಎನ್ನುತ್ತಾರೆ ಮಾರುವವರು. ಎಂಜಿನ್ ಸೇರಿ 95 ಸಾವಿರ ಅವರ ಬಾಯಲ್ಲಿದೆ. ನನ್ನ ಜೇಬಿನಲ್ಲಿರುವುದು 60, ಅದರಲ್ಲಿ 20 ಹೆಂಡತಿ ಸಂಘದಿಂದ ಎತ್ತಿದ ಸಾಲ. ಚೌಕಾಸಿಗೂ ಇದು ಒಳ್ಳೆಯ ಕಾಲವಲ್ಲ. ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಟ್ರಾಲರ್‌ಗಳು ಕಟ್ಟಿ ನಿಂತಿವೆ. 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ಆ ನಿಷೇಧವಿಲ್ಲ. ಹಾಗಾಗಿ ಈಗ ಎಂಥ ದೋಣಿಗೂ ಗಿರಾಕಿ.

"ಒಂದ್ ಕೊಡಪಾನ ಇತ್ತಾ?" ಮಾವ ಕೇಳುತ್ತಾರೆ.

ನಾಲ್ವರು ಸೇರಿ ದೋಣಿಯನ್ನು ಅಂಗಾತ ಮಾಡಿ, ಎರಡು ತೆಂಗಿನ ದಿಮ್ಮಿಯ ಮೇಲೆ ಕೂರಿಸುತ್ತೇವೆ. ನಾನು ಹೊಳೆಗೂ ದೋಣಿಗೂ ಓಡಾಡಿ ನೀರು ಹೊಯ್ಯುತ್ತೇನೆ. ಇಪ್ಪತ್ತನೆಯ ಕೊಡಪಾನಕ್ಕೆ ಸೊಂಟ ಹಿಡಿಯುತ್ತದೆ. ಮಾವ ಬೈರಾಸಿನಿಂದ ದೋಣಿಯ ಹೊಟ್ಟೆ ಒರೆಸಿ, ಅದರ ಅಡಿಗೆ ಅಂಗಾತ ಮಲಗಿ ಬೀಡಿ ಹಚ್ಚುತ್ತಾರೆ. ಹೊಳೆಗಿಳಿಸಿ ಒಳಗೆ ನೋಡುವುದಕ್ಕಿಂತ ಇದು ಮೇಲು: ಬಣ್ಣ ಮುಚ್ಚಿದ ಕೂದಲೆಳೆಯ ಬಿರುಕೂ ಒಳಗಿನ ನೀರಿನ ಭಾರಕ್ಕೆ ಹೊರಗೆ ಹನಿ ಬಿಡುತ್ತದೆ. ಬೀಡಿ ಮುಗಿಯಿತು. ಹನಿ ಇಲ್ಲ. ನನ್ನ ಎದೆ ಹಗುರಾಗುತ್ತದೆ.

ಮಾವನದ್ದು ಆಗಿಲ್ಲ. ದೋಣಿಯ ಹಿಂಬದಿಗೆ ಹೋಗಿ, ಎಂಜಿನ್ ತೂಗುವ ಗೋಡೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯುತ್ತಾರೆ. ಟಣ್. ಟಣ್. ಟಣ್. ನಡುವೆ ಬಂದಾಗ, ದಬ್. ಇನ್ನೊಮ್ಮೆ, ದಬ್. ಬೋಲ್ಟಿನ ತೂತಿಗೆ ಕಡ್ಡಿ ತೂರಿ ತಿರುಗಿಸಿದರೆ ತುದಿಗೆ ಕಂದು ನಾರು ಮೆತ್ತಿಕೊಂಡು ಬರುತ್ತದೆ, ನೆನೆದ ಗೋಣಿಯ ವಾಸನೆ. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಎಂಜಿನ್ನಿನ ಭಾರ ಹೊರಲೆಂದು ಆ ಗೋಡೆಯೊಳಗೆ ಪ್ಲೈವುಡ್ ಇಟ್ಟಿರುತ್ತಾರೆ. ಬೋಲ್ಟಿನ ತೂತಿನಿಂದ ಒಳಗಿಳಿದ ನೀರಿಗೆ ಹೊರಗೆ ಬರುವ ದಾರಿಯೇ ಇರುವುದಿಲ್ಲ.

ಎಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿದ್ದಾರೆ. ಏಳನೆಯ ಎಳೆತಕ್ಕೆ ಕೆಮ್ಮಿ ಹೊತ್ತಿಕೊಳ್ಳುತ್ತದೆ. ಪಕ್ಕದ ಸಣ್ಣ ತೂತಿನಿಂದ ತಂಪುನೀರು ಪಿಚಕಾರಿಯಂತೆ ಚಿಮ್ಮಬೇಕು. ಇಲ್ಲಿ ಮೂಗು ಸೋರಿದಂತೆ ಸೋರುತ್ತಿದೆ. ಉಪ್ಪು ಕಟ್ಟಿದೆ, ಇಲ್ಲವೇ ಪಂಪು ಸವೆದಿದೆ. ಆರಿಸಿ ಮೇಲೆತ್ತಿದ ಮೇಲೆ ಮಾವ ಗೇರಿನ ಅಡಿಯ ತಿರುಪು ಸಡಿಲಿಸಿ, ಇಳಿದ ಎಣ್ಣೆಯ ಹನಿಯನ್ನು ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಚಾಚುತ್ತಾರೆ. ಹಾಲು ಹೆಚ್ಚಾದ ಚಾದ ಬಣ್ಣ. ಸೀಲು ಹೋಗಿ ನೀರು ಒಳಸೇರಿದೆ.

ಮಾರುವವರು ಹೊಳೆಯ ಕಡೆ ನೋಡುತ್ತಿದ್ದಾರೆ. ಕಾಗದ ಮಾತ್ರ ಸರಿಯಿದೆ; ಮೂತಿಯ ಮೇಲಿನ ನೋಂದಣಿ ಸಂಖ್ಯೆಯೂ ಪುಸ್ತಕದ್ದೂ ಒಂದೇ.

ಎಂಜಿನ್ನಿನ ಆಸೆ ನನ್ನದು, ಒಪ್ಪುತ್ತೇನೆ. ಕಡಲಿಗೆ ಹೋಗುವ ಎದೆ ನನಗೆಲ್ಲಿದೆ? ಸೌಪರ್ಣಿಕಾ, ಚಕ್ರಾ, ವಾರಾಹಿ ಬಂದು ಸೇರುವ ಈ ಪಂಚಗಂಗಾವಳಿಯಲ್ಲಿ ಬಲೆ ಬಿಟ್ಟು ಏಡಿ, ಸಿಗಡಿ ಹಿಡಿಯಲು ಎರಡು ಹುಟ್ಟು ಸಾಕು. ಹಿಂಬದಿ ಗೋಡೆ ಪೊಳ್ಳಾದರೆ ಆಗಲಿ, ಅದರ ಮೇಲೆ ಭಾರವೇ ಬೀಳದಲ್ಲ.

"ಎಂಜಿನ್ ನಿಮ್ಗೇ ಇರ್ಲಿ," ಎನ್ನುತ್ತಾರೆ ಮಾವ. "ಪಾತಿ ಮಾತ್ರ ಎಷ್ಟಕ್ಕ್ ಕೊಡ್ತ್ರಿ?"

50ರಿಂದ ಶುರುವಾದದ್ದು ಎರಡು ಬೀಡಿಯ ಹೊತ್ತಿಗೆ 36ಕ್ಕೆ ನಿಲ್ಲುತ್ತದೆ. ಮಾವ ಬಿರಡೆ ಕೀಳುತ್ತಾರೆ. ನಾನು ಹೊತ್ತ ನೀರೆಲ್ಲ ಮರಳಿಗೆ ಇಳಿಯುತ್ತದೆ. ಉಬ್ಬರ ಏರುತ್ತಿದೆ, ಈಗಲೇ ಹೊರಟರೆ ಮನೆ ಕಡೆಗೆ ನೀರೇ ತಳ್ಳುತ್ತದೆ. ದೋಣಿಯೊಳಗಿರುವುದು ಒಂದೇ ಹುಟ್ಟು. ಇನ್ನೊಂದಕ್ಕೆ ಮುನ್ನೂರು ಬೇರೆ ಕೊಡಬೇಕಂತೆ.