ಜಪಾನಿನ ಚರಿತ್ರೆಗೆ ತರೀಕೆರೆಯಿಂದಲೂ ದಾರಿ ಇದೆ

ಸುದ್ದಿಗಾಗಿ ಕಡೂರು, ತರೀಕೆರೆ, ಅಜ್ಜಂಪುರ ಸುತ್ತುವ ನಮ್ಮನ್ನು ಪದವಿ ಓದುವ ಹುಡುಗ ಹುಡುಗಿಯರು ಕೇಳುವುದುಂಟು: "ಅಣ್ಣಾ, ಚೀನಾ, ಜಪಾನ್ ಇತಿಹಾಸಕ್ಕೆ ಮೊಬೈಲಲ್ಲಿ ಏನಾದ್ರೂ ಸಿಗುತ್ತಾ?" ಅವರ ಕೈಯಲ್ಲಿರುವುದು ಜೆರಾಕ್ಸ್ ನೋಟ್ಸು. ಅದರಲ್ಲಿ ಇಸವಿ ಇರುತ್ತದೆ, ಕಾರಣ ಇರುವುದಿಲ್ಲ. 1842ರ ನಾನ್‌ಕಿಂಗ್ ಒಪ್ಪಂದವನ್ನು ಬಾಯಿಪಾಠ ಮಾಡಿದವರಿಗೆ, ಆ ಯುದ್ಧಕ್ಕೆ ಕಾರಣವಾದ ಅಫೀಮು ಬಿಹಾರ, ಮಾಳವದ ರೈತರ ಹೊಲದಲ್ಲಿ ಬೆಳೆದದ್ದು ಎಂಬುದು ಗೊತ್ತಿರುವುದಿಲ್ಲ. ಪರೀಕ್ಷೆಯಲ್ಲಿ 'ಏಕೆ' ಎಂದು ಕೇಳಿದರೆ ಪೆನ್ನು ನಿಲ್ಲುತ್ತದೆ.

ಹುಡುಕಿದರೆ ಕನ್ನಡದಲ್ಲಿ ಸಿಗುವುದು ಕಡಿಮೆ, ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ, ಅದೂ ಪುಕ್ಕಟೆ. ತೊಡಕು ಹೆಸರುಗಳದ್ದು. ಒಂದು ನೋಟ್ಸಿನಲ್ಲಿ 'ಮೈಜಿ', ಇನ್ನೊಂದರಲ್ಲಿ 'ಮೇಜಿ'. ಹಳೆಯ ಪುಸ್ತಕದ ಪೀಕಿಂಗ್ ಈಗ ಬೀಜಿಂಗ್. ಅದಕ್ಕೇ ಮೊದಲು ಕನ್ನಡ ವಿಕಿಪೀಡಿಯದ ಪುಟ ತೆರೆಯಿರಿ, ಅಲ್ಲೇ ಭಾಷೆ ಬದಲಿಸಿ ಇಂಗ್ಲಿಷ್ ಪುಟಕ್ಕೆ ಹೋಗಿ, ಹೆಸರುಗಳ ಸ್ಪೆಲ್ಲಿಂಗ್ ಬರೆದಿಟ್ಟುಕೊಳ್ಳಿ. ಮುಂದಿನ ಹುಡುಕಾಟ ಸಲೀಸು.

ಆಮೇಲೆ ಇಗ್ನೋ ವಿಶ್ವವಿದ್ಯಾಲಯದ 'ಇ-ಜ್ಞಾನಕೋಶ'ಕ್ಕೆ ಹೋಗಿ. 1840ರಿಂದ 1949ರವರೆಗಿನ ಚೀನಾ, ಜಪಾನ್ ಇತಿಹಾಸದ ಪಾಠಗಳು ಅಲ್ಲಿವೆ. ಪಾಠಗಳು ಬಿಡಿಬಿಡಿಯಾಗಿರುವುದರಿಂದ ಬೇಕಾದಷ್ಟನ್ನೇ ಇಳಿಸಿಕೊಳ್ಳಬಹುದು, ಡೇಟಾ ಉಳಿಯುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ 'ಏಷ್ಯಾ ಫಾರ್ ಎಜುಕೇಟರ್ಸ್' ತಾಣದಲ್ಲಿ ಕಾಲಾನುಕ್ರಮಣಿಕೆ, ನಕ್ಷೆ, ಮೂಲ ದಾಖಲೆಗಳ ಅನುವಾದಗಳಿವೆ. ಇಂಗ್ಲಿಷ್ ಕಷ್ಟವಾದರೆ ಒಂದೊಂದೇ ಪ್ಯಾರಾ ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ. ಅದು ಹೆಸರುಗಳನ್ನು ತಿರುಚುತ್ತದೆ, ಆದ್ದರಿಂದ ಹೆಸರು, ಇಸವಿಗಳನ್ನು ಮೂಲದಲ್ಲೇ ನೋಡಿ.

ನಮಗೆ ತುಂಬ ಹಿಡಿಸಿದ್ದು ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯನವರ 'ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ'. 1920ರ ಪುಸ್ತಕ. ಅವರು 1898ರಲ್ಲೇ ಜಪಾನಿಗೆ ಹೋಗಿ ಬಂದವರು. ಮೇಜಿ ಆಡಳಿತ ಶುರುವಾಗಿ ಆಗ 30 ವರ್ಷ. ಶಾಲೆ, ಕೈಗಾರಿಕೆಗಳಿಂದ ಒಂದು ದೇಶ ಮೇಲೇಳುವುದನ್ನು ಅವರು ಕಣ್ಣಾರೆ ಕಂಡರು. ಮುಂದೆ ಮೈಸೂರಿನ ದಿವಾನರಾದಾಗ ಕೈಗಾರಿಕೆಗೆ ಒತ್ತು ಕೊಟ್ಟರು. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿತು. ಅದಕ್ಕೆ ಅದಿರು ಹೋದದ್ದು ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ!

ಇದನ್ನು ಹೇಳಿದಾಗ ಅಜ್ಜಂಪುರದ ಕಡೆಯ ಒಬ್ಬ ವಿದ್ಯಾರ್ಥಿನಿ, "ಹಂಗಾದ್ರೆ ಇದು ನಮ್ಮೂರ ಪಾಠನೂ ಹೌದಲ್ಲಣ್ಣ" ಎಂದಳು. ಹೌದು. ದೂರದ ದೇಶದ ಚರಿತ್ರೆ ತಲೆಗೆ ಹತ್ತಲು ಹತ್ತಿರದ ಒಂದು ಕೊಂಡಿ ಸಾಕು.

ಇನ್ನೊಂದು ಮಾತು. ಓದಿ ಅರ್ಥಮಾಡಿಕೊಂಡವರು ನೋಟ್ಸನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಬೇಡಿ. ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು. ನಿಮ್ಮದೇ ಮಾತಿನಲ್ಲಿ, ಆಧಾರ ಕೊಟ್ಟು, ನಾಲ್ಕು ಸಾಲು ಸೇರಿಸಿ. ಮುಂದಿನ ವರ್ಷ ಕಡೂರಿನ ಬಸ್ಸಿನಲ್ಲಿ ಕೂತು ಮೊಬೈಲ್ ತೆರೆಯುವ ಹುಡುಗಿಗೆ ಕನ್ನಡದಲ್ಲೇ ಉತ್ತರ ಸಿಗಲಿ.