ಸ್ವಂತ ಟ್ರಕ್ಕಿನ ಆಸೆ

ಅಮೆರಿಕದಲ್ಲಿ ಟ್ರಕ್ ಓಡಿಸುವವರಿಗೆ ಕೆಲವು ಸಾಗಣೆ ಕಂಪನಿಗಳು ಒಂದು ಆಸೆ ತೋರಿಸುತ್ತವೆ. ಮುಂಗಡ ಬೇಡ, ಹಳೆಯ ಸಾಲದ ವಿವರ ಕೇಳುವುದಿಲ್ಲ, ವಾರವಾರ ಕಂತು ಕಟ್ಟುತ್ತಾ ಹೋದರೆ ಕೊನೆಗೆ ಗಾಡಿ ನಿಮ್ಮದೇ. ಇದಕ್ಕೆ ಲೀಸ್-ಪರ್ಚೇಸ್ ಎನ್ನುತ್ತಾರೆ.

ನನಗೆ ಭಯ ಹುಟ್ಟಿಸುವುದು ಕಂತಿನ ಮೊತ್ತವಲ್ಲ. ಗಾಡಿ ಕೊಡುವವರೂ ಅವರೇ, ಲೋಡ್ ಕೊಡುವವರೂ ಅವರೇ. ಲೋಡ್ ಕಮ್ಮಿಯಾದ ವಾರವೂ ಕಂತು, ಡೀಸೆಲ್, ವಿಮೆ, ರಿಪೇರಿ ನಿಧಿ ಎಲ್ಲ ಮುರಿದುಕೊಂಡು ಉಳಿದದ್ದು ಚಾಲಕನ ಕೈಗೆ. ಕೆಲವು ವಾರ ಏನೂ ಉಳಿಯದೆ ಅವನ ತಲೆಗೇ ಬಾಕಿ ಬರುತ್ತದೆ. ಬೇಸತ್ತು ಬಿಟ್ಟರೆ ಗಾಡಿ ಕಂಪನಿಗೆ ವಾಪಸ್, ಕಟ್ಟಿದ ಹಣ ಹೋಯಿತು. ಅದೇ ಗಾಡಿ ಮುಂದಿನವನಿಗೆ.

2021ರ ಮೂಲಸೌಕರ್ಯ ಕಾಯ್ದೆಯಡಿ ಅಲ್ಲಿನ ಸರ್ಕಾರವೇ ನೇಮಿಸಿದ ಕಾರ್ಯಪಡೆ, ಇಂಥ ಯೋಜನೆಗಳನ್ನು ನಿಷೇಧಿಸಬೇಕೆಂದು 2025ರ ಜನವರಿಯಲ್ಲಿ ಸಂಸತ್ತಿಗೆ ಶಿಫಾರಸು ಮಾಡಿತು.

ಹಾಗಂತ ಸ್ವಂತ ಗಾಡಿಯ ಆಸೆ ತಪ್ಪಲ್ಲ. ನಮ್ಮಲ್ಲೂ ಫೈನಾನ್ಸಿನಲ್ಲಿ ಲಾರಿ ತೆಗೆದು ತಾವೇ ಓಡಿಸುವವರು ಎಷ್ಟಿಲ್ಲ! ಅವರಿಗೂ ಕಂತಿನ ಕಷ್ಟ ಇದ್ದೇ ಇದೆ. ಆದರೆ ಬಾಡಿಗೆ ಎಲ್ಲಿ ಸಿಕ್ಕರೂ ಹೋಗಬಲ್ಲರು. ಲೀಸ್-ಪರ್ಚೇಸ್ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇವನ್ನೇ ಕೇಳಬೇಕು: ಬೇರೆ ಕಂಪನಿಯ ಲೋಡ್ ಎತ್ತಬಹುದೇ? ಈವರೆಗೆ ಎಷ್ಟು ಜನ ಕೊನೆಯ ಕಂತು ಕಟ್ಟಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದಾರೆ? ಎರಡನೆಯದಕ್ಕೆ ನೇರ ಉತ್ತರ ಬಾರದಿದ್ದರೆ ಸಂಬಳದ ಕೆಲಸದಲ್ಲೇ ಇನ್ನಷ್ಟು ಕಾಲ ಇದ್ದು, ದುಡ್ಡು ಕೂಡಿಸಿ, ಹಳೆಯದಾದರೂ ಸರಿ, ಬ್ಯಾಂಕ್ ಸಾಲದಲ್ಲಿ ಗಾಡಿ ಕೊಳ್ಳುವುದು ಮೇಲು.