ಉಳವಿಯ ದಾರಿ ಮತ್ತು ದಾರಿ ತೋರುವ ಯಂತ್ರ

ನಮ್ಮ ಹಿರಿಯರು ಪ್ರಯಾಣ ಹೊರಡುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸುತ್ತಿದ್ದರು: ದಾರಿಯಲ್ಲಿ ನೀರು ಎಲ್ಲಿದೆ, ನೆರಳು ಎಲ್ಲಿದೆ, ಕತ್ತಲಾದರೆ ತಂಗುವುದು ಎಲ್ಲಿ. ಇಂದು ನಾವು ವಿಚಾರಿಸುವುದು ಒಂದನ್ನೇ: ಎಷ್ಟು ಹೊತ್ತಿನಲ್ಲಿ ತಲಪುತ್ತೇವೆ? ಈ ಪ್ರಶ್ನೆಗೆ ಅಂಗೈಯಗಲದ ಯಂತ್ರವೊಂದು ಕ್ಷಣಮಾತ್ರದಲ್ಲಿ ಉತ್ತರ ಹೇಳುತ್ತದೆ. ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು, ನಂಬುವುದಾದರೆ ಎಂತಹ ಯಂತ್ರವನ್ನು ಆರಿಸಿಕೊಳ್ಳಬೇಕು ಎಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಮಕ್ಕಳು ಮರಿಗಳೊಂದಿಗೆ ಕಾರಿನಲ್ಲಿ ಕ್ಷೇತ್ರದರ್ಶನಕ್ಕೆ ಹೊರಡುವ ಕುಟುಂಬಗಳಿಗೆ ಪ್ರಯೋಜನವಾದೀತೆಂದು ಆ ಅನುಭವವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಜೋಯಿಡಾ ತಾಲ್ಲೂಕಿನ ಉಳವಿಯು ಚೆನ್ನಬಸವಣ್ಣನವರು ಲಿಂಗೈಕ್ಯರಾದ ಕ್ಷೇತ್ರವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಕಲ್ಯಾಣದ ಕ್ರಾಂತಿಯ ನಂತರ ಶರಣರು ದಟ್ಟಡವಿಯನ್ನು ಹೊಕ್ಕು ಅಲ್ಲಿಗೆ ಬಂದರೆಂಬುದು ಪರಂಪರೆಯ ನಂಬಿಕೆ. ಧಾರವಾಡ, ಬೆಳಗಾವಿ, ಹಳಿಯಾಳದ ಕಡೆಯ ರೈತರು ಇಂದಿಗೂ ಮಾಘಮಾಸದ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಾರೆ. ನಮ್ಮ ಅಕ್ಕನವರು ಬಾಲ್ಯದಲ್ಲಿ ತಂದೆಯವರೊಡನೆ ಹಾಗೆ ಹೋದವರು. ವಯಸ್ಸು ಎಪ್ಪತ್ತೆಂಟಾದ ಮೇಲೆ ಅವರಿಗೆ ಒಂದೇ ಬಯಕೆ ಉಳಿದಿತ್ತು: ಇನ್ನೊಮ್ಮೆ ಉಳವಿಯನ್ನು ಕಾಣಬೇಕು. ಜಾತ್ರೆಯ ಜನಸಂದಣಿಯನ್ನು ಅವರು ತಾಳಲಾರರೆಂದು ಕಾರ್ತಿಕ ಮಾಸದಲ್ಲಿ ನಮ್ಮ ತಮ್ಮನ ಮಗನ ಕಾರಿನಲ್ಲಿ ಧಾರವಾಡದಿಂದ ಹೊರಟೆವು.

ಹಳಿಯಾಳ ದಾಟಿ ದಾಂಡೇಲಿಯಲ್ಲಿ ಊಟ ಮುಗಿಸಿದೆವು. ಪೋಟೋಲಿ, ಗುಂದಗಳ ಕಡೆಗೆ ಹೋಗುವ ರಸ್ತೆ ಹಿಡಿದ ಸ್ವಲ್ಪ ಹೊತ್ತಿನಲ್ಲಿ ದೂರವಾಣಿಯೊಳಗಿನ ಹೆಣ್ಣುದನಿ ಮಣ್ಣುದಾರಿಯೊಂದಕ್ಕೆ ತಿರುಗಲು ಹೇಳಿತು. ಅರ್ಧ ಗಂಟೆ ಉಳಿಯುವುದೆಂದೂ ತೋರಿಸಿತು. ಚಹಾದ ಅಂಗಡಿಯ ಮುಂದೆ ನಾಲ್ಕು ಜನ ಕುಳಿತಿದ್ದರು. ಅಕ್ಕನವರು, "ತಮ್ಮಾ, ಅವರನ್ನ ಒಂದ ಮಾತು ಕೇಳೂಣಲ್ಲಾ" ಎಂದರು. ತಮ್ಮನ ಮಗನೂ ವೇಗ ತಗ್ಗಿಸಿದ. ಬೇಡವೆಂದವರು ನಾವೇ. ಉಪಗ್ರಹಗಳ ವಿಷಯವನ್ನು ಆಗಷ್ಟೇ ಓದಿಕೊಂಡಿದ್ದ ಹಮ್ಮು ನಮ್ಮದು. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ನೋಡಿ ಹೇಳುವ ಯಂತ್ರಕ್ಕಿಂತ ಚಹಾ ಕುಡಿಯುವವರು ಹೆಚ್ಚು ಬಲ್ಲರೇ ಎಂದು ನಕ್ಕೆವು. ಅಕ್ಕನವರು, "ಅಷ್ಟ ಎತ್ತರದಾಗಿಂದ ನೆಲದ ತಗ್ಗು ಹ್ಯಾಂಗ ಕಾಣತೈತಿ?" ಎಂದು ಸುಮ್ಮನಾದರು. ಅದು ಎಷ್ಟು ಸರಿಯಾದ ಪ್ರಶ್ನೆಯಾಗಿತ್ತೆಂಬುದು ನಮಗೆ ಸಂಜೆಗೆ ತಿಳಿಯಿತು.

ದಾರಿ ಮೊದಲು ಕಿರಿದಾಯಿತು, ಆಮೇಲೆ ಕಲ್ಲಾಯಿತು. ದೂರವಾಣಿಯ ಸಂಕೇತ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ನಕ್ಷೆಯೂ ಅಳಿಸಿಹೋಗಿ ಬರಿಯ ಬಿಳಿಯ ಪರದೆಯ ಮೇಲೆ ನೀಲಿ ಚುಕ್ಕೆಯೊಂದು ಉಳಿಯಿತು. ಕೊನೆಗೆ ಮೋರಿ ಕೊಚ್ಚಿಹೋದ ಹಳ್ಳವೊಂದು ಅಡ್ಡ ಬಂದಿತು. ಕಾರು ತಿರುಗಿಸಲು ಹೋಗಿ ಹಿಂದಿನ ಗಾಲಿ ಕೆಸರಿನಲ್ಲಿ ಹೂತಿತು. ಕತ್ತಲು ಕವಿಯತೊಡಗಿತು. ಅಕ್ಕನವರಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು ಮೀರಬಾರದು. ಅವರ ಹಣೆಯಲ್ಲಿ ಬೆವರು ಮೂಡಿ ಕೈ ನಡುಗಲಾರಂಭಿಸಿದಾಗ, ಪೂಜೆಯ ಬುಟ್ಟಿಯಲ್ಲಿದ್ದ ಬೆಲ್ಲವನ್ನು ಬಾಯಿಗಿಟ್ಟೆವು. ಅಂದಿನ ಆ ಅರ್ಧ ಗಂಟೆಯನ್ನು ನಾವು ಮರೆಯಲಾರೆವು.

ಎಮ್ಮೆಗಳನ್ನು ಹೊಡೆದುಕೊಂಡು ಗೌಳಿಯೊಬ್ಬರು ಬಂದದ್ದು ನಮ್ಮ ಪುಣ್ಯ. "ಅಜ್ಜಾರ, ಈ ಮೋರಿ ಕೊಚ್ಚಿ ಹೋಗಿ ಎರಡ ಮಳಿಗಾಲ ಆತ್ರೀ. ಇದು ನಮ್ಮ ಎಮ್ಮಿ ಹೋಗೂ ದಾರಿ, ಮೋಟಾರಿಂದಲ್ಲ" ಎಂದರು. ತಮ್ಮ ದೊಡ್ಡಿಯಿಂದ ಇಬ್ಬರನ್ನು ಕರೆತಂದು ಕಾರು ಎತ್ತಿಸಿದರು. ಅಕ್ಕನವರಿಗೆ ಕಾಸಿದ ಹಾಲು ಕೊಟ್ಟರು. ಅವರ ಮಗ ನಮ್ಮೊಡನೆ ಕುಳಿತು ಡಾಂಬರು ರಸ್ತೆಯವರೆಗೆ ದಾರಿ ತೋರಿಸಿದ. ಹಣ ಮುಟ್ಟಲಿಲ್ಲ. ರಾತ್ರಿ ದಾಂಡೇಲಿಯಲ್ಲಿ ತಂಗಿ, ಬೆಳಗ್ಗೆ ವೈದ್ಯರ ಸಲಹೆಯಂತೆ ಹಿಂದಿರುಗಿದೆವು. ಅಕ್ಕನವರು ಉಳವಿಯನ್ನು ಕಾಣಲಿಲ್ಲ. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನಮಗೆ ಭಾರವಾಯಿತು.

ಮನೆಗೆ ಬಂದ ಮೇಲೆ, ಅರ್ಧ ತಿಳಿದದ್ದನ್ನು ಪೂರ್ತಿ ತಿಳಿಯಬೇಕೆಂದು ಸಂಕಲ್ಪಿಸಿದೆವು. ತಿಳಿದ ಮೊದಲ ಸಂಗತಿಯೇ ನಮ್ಮ ಹಮ್ಮನ್ನು ಮುರಿಯಿತು: ಉಪಗ್ರಹ ಏನನ್ನೂ ನೋಡುವುದಿಲ್ಲ. ಜಿಪಿಎಸ್ ಎಂಬುದು ಅಮೆರಿಕೆಯ ರಕ್ಷಣಾ ಇಲಾಖೆ ಕಟ್ಟಿದ ವ್ಯವಸ್ಥೆ, 1995ರಲ್ಲಿ ಪೂರ್ಣಗೊಂಡಿತು. ಅದರ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತ, ತಾವಿರುವ ಸ್ಥಳ ಮತ್ತು ಹೊತ್ತನ್ನು ಮಾತ್ರ ಸಾರುತ್ತವೆ. ನಮ್ಮ ಕೈಯ ಯಂತ್ರ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಅವು ಬರಲು ತೆಗೆದುಕೊಂಡ ಕಾಲದಿಂದ ದೂರ ಅಳೆದು, ತಾನಿರುವ ಸ್ಥಳವನ್ನು ಗುಣಿಸಿಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ 300 ಮೀಟರ್ ತಪ್ಪುತ್ತದೆ. ಅದಕ್ಕಾಗಿಯೇ ಅವುಗಳಲ್ಲಿ ಪರಮಾಣು ಗಡಿಯಾರಗಳಿವೆ. ನಾಗರಿಕರಿಗೆ ದೊರೆಯುವ ಸಂಕೇತವನ್ನು ಮೊದಲು ಬೇಕೆಂದೇ ಮಸುಕುಗೊಳಿಸಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಬಳಿಕ ಕಾರಿನ ಪ್ರಯಾಣಕ್ಕೆ ಇದು ಹೆಚ್ಚು ಯೋಗ್ಯವಾಯಿತು.

ಎರಡನೆಯ ಸಂಗತಿ: ದಾರಿ ತೋರುವ ಯಂತ್ರದಲ್ಲಿ ಒಂದಲ್ಲ, ಮೂರು ಕೆಲಸಗಳಿವೆ. ನಾವೆಲ್ಲಿದ್ದೇವೆಂದು ತಿಳಿಯುವುದು ಒಂದು; ಅದು ಉಪಗ್ರಹದ ಕೆಲಸ, ದೂರವಾಣಿಯ ಸಂಕೇತವಿಲ್ಲದಿದ್ದರೂ ನಡೆಯುತ್ತದೆ. ಆದ್ದರಿಂದಲೇ ಆ ನೀಲಿ ಚುಕ್ಕೆ ಅಳಿಯಲಿಲ್ಲ. ಎರಡನೆಯದು ನಕ್ಷೆ. ಅದನ್ನು ಮನುಷ್ಯರು ಮಾಡಿದ್ದು; ಯಾವಾಗ ಮಾಡಿದರು, ಯಾವ ದಾರಿಯನ್ನು ಕಣ್ಣಾರೆ ಕಂಡರು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಮೂರನೆಯದು ಮಾರ್ಗದ ಲೆಕ್ಕ. ಗೆರೆಯೊಂದು ಗುರಿಯ ಕಡೆಗೆ ಹೋಗುತ್ತಿದ್ದರೆ ಅದು ಎಮ್ಮೆಯ ದಾರಿಯೋ ರಥದ ಬೀದಿಯೋ ಎಂಬುದನ್ನು ಲೆಕ್ಕ ತಾನಾಗಿ ಅರಿಯದು. ನಮ್ಮನ್ನು ಕೆಡಿಸಿದ್ದು ಆಕಾಶವಲ್ಲ. ಹಳೆಯ ನಕ್ಷೆ, ಕುರುಡು ಲೆಕ್ಕ, ಅವೆರಡಕ್ಕಿಂತ ಮಿಗಿಲಾಗಿ ನಮ್ಮ ನಾಲಗೆ.

ಇದು ನಮ್ಮೊಬ್ಬರ ಪಾಡಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ಯಂತ್ರದ ದಾರಿ ಹಿಡಿದ ಕಾರೊಂದು ಒಂದು ಭಾಗ ಕುಸಿದಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಮರುತಿಂಗಳೇ ಗೋವೆಗೆ ಹೊರಟ ಹೊರರಾಜ್ಯದ ಕುಟುಂಬವೊಂದು, ಜೋಯಿಡಾಕ್ಕೆ ನೆರೆಯಾದ ಖಾನಾಪುರ ತಾಲ್ಲೂಕಿನ ಕಾಡಿನೊಳಗೆ ಸಿಕ್ಕಿಬಿದ್ದು ಕಾರಿನಲ್ಲೇ ಇರುಳು ಕಳೆಯಿತು. ಬೆಳಗಾದ ಮೇಲೆ ಹಲವು ಕಿಲೋಮೀಟರ್ ಹೋಗಿ, ಸಂಕೇತ ಸಿಕ್ಕ ಕಡೆ 112ಕ್ಕೆ ಕರೆ ಮಾಡಿದಾಗ ಪೊಲೀಸರು ಬಂದು ಕರೆತಂದರು.

ನಮ್ಮ ಈ ನಾಲ್ಕು ತಾಲ್ಲೂಕುಗಳ ಸೀಮೆ ಯಂತ್ರಕ್ಕೆ ಕಠಿಣ ಪರೀಕ್ಷೆ. ಕಾಳೀ ನದಿಗೆ ಗಣೇಶಗುಡಿಯಲ್ಲಿ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಆದರೂ ಸೂಪಾ ಎಂಬ ಹೆಸರು ಜನರ ಬಾಯಲ್ಲಿ ಉಳಿದಿದೆ. ಆ ಹೆಸರನ್ನು ಯಂತ್ರಕ್ಕೆ ಹೇಳಿದರೆ ಅದು ಅಣೆಕಟ್ಟಿನ ಕಡೆ ಕೈ ತೋರಿಸೀತು. 2007ರಲ್ಲಿ ದಾಂಡೇಲಿ-ಅಣಶಿ ಎಂಬ ಹೆಸರಿನಿಂದ ಆರಂಭವಾಗಿ 2015ರಲ್ಲಿ ಕಾಳೀ ಎಂದು ಹೆಸರಾದ ಹುಲಿ ಸಂರಕ್ಷಿತ ಪ್ರದೇಶ ಇಲ್ಲಿಯೇ ಇದೆ. ಅದರೊಳಗಿನ ಎಲ್ಲ ದಾರಿಗಳೂ ಎಲ್ಲರಿಗೂ ತೆರೆದಿರುವುದಿಲ್ಲ. ಅರಣ್ಯ ಇಲಾಖೆಯವರನ್ನು ಕೇಳದೆ ಒಳದಾರಿ ಹಿಡಿಯಬಾರದು. ದಟ್ಟ ಮರಗಳು ಉಪಗ್ರಹದ ಸಂಕೇತವನ್ನು ಕುಗ್ಗಿಸುತ್ತವೆ. ಗುಡ್ಡಗಳು ಅದನ್ನು ಮರೆಮಾಡುತ್ತವೆ, ಪ್ರತಿಫಲಿಸಿ ದಾರಿ ತಪ್ಪಿಸುತ್ತವೆ.

ಹಾಗಾದರೆ ಎಂತಹುದನ್ನು ಆರಿಸಬೇಕು? ಹೊಸ ಯಂತ್ರ ಕೊಳ್ಳುವ ಮುನ್ನ ಕೈಯಲ್ಲಿರುವ ದೂರವಾಣಿಯನ್ನೇ ಪರೀಕ್ಷಿಸಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಜಿಪಿಎಸ್ ಒಂದನ್ನೇ ಅಲ್ಲದೆ ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನದ ಬೈದೌಗಳನ್ನೂ ಹಿಡಿಯಬಲ್ಲ ದೂರವಾಣಿ ಕಾಡಿನಲ್ಲಿ ಮೇಲು. ಎರಡು ತರಂಗಾಂತರಗಳಲ್ಲಿ ಕೇಳಬಲ್ಲದ್ದು ಇನ್ನೂ ಮೇಲು. ನಮ್ಮ ಇಸ್ರೋ ಸಂಸ್ಥೆಯ ನಾವಿಕ್ ವ್ಯವಸ್ಥೆಯ ಉಪಗ್ರಹಗಳು 2013ರಿಂದ ಹಾರತೊಡಗಿದವು. ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಅದರ ಕೇಂದ್ರವಿದೆ. ಅಭಿಮಾನದ ಸಂಗತಿಯೇ ಸರಿ. ಆದರೆ ಕೆಲವು ಉಪಗ್ರಹಗಳ ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಹೊಸ ಪೀಳಿಗೆಯ ಮೊದಲ ಉಪಗ್ರಹ ಹಾರಿತಾದರೂ 2025ರ ಜನವರಿಯಲ್ಲಿ ಹಾರಿದ ಎರಡನೆಯದು ಉದ್ದೇಶಿತ ಕಕ್ಷೆಯನ್ನು ಸೇರಲಿಲ್ಲ. ಆದಕಾರಣ ನಾವಿಕ್ ಇರಲಿ, ಅದೊಂದೇ ಸಾಕೆಂದು ಕೊಳ್ಳುವುದು ಬೇಡ.

ಕಾರಿಗೆಂದೇ ಮಾಡಿದ ಗಾರ್ಮಿನ್‌ನಂತಹ ಪ್ರತ್ಯೇಕ ಉಪಕರಣಗಳಲ್ಲಿ ನಕ್ಷೆ ಒಳಗೇ ಇರುತ್ತದೆ; ಸಂಕೇತ ಹೋದರೂ ಅಳಿಯದು. ಅದನ್ನು ಕಾಲಕಾಲಕ್ಕೆ ಹೊಸದು ಮಾಡಿಕೊಳ್ಳಬೇಕು, ಬೆಲೆಯೂ ಹೆಚ್ಚು. ದೂರವಾಣಿಯಲ್ಲಿಯೂ ಮನೆಯಿಂದ ಹೊರಡುವ ಮುನ್ನವೇ ಆ ಸೀಮೆಯ ನಕ್ಷೆಯನ್ನು ಇಳಿಸಿಟ್ಟುಕೊಳ್ಳಬಹುದು. ಗೂಗಲ್‌ನಲ್ಲಿ ಈ ಅನುಕೂಲವಿದೆ. ಸ್ವಯಂಸೇವಕರು 2004ರಿಂದ ಕಟ್ಟುತ್ತ ಬಂದಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂ‌ಆ್ಯಂಡ್‌ಗಳಲ್ಲಿಯೂ ಇದೆ. ಎರಡು ಬೇರೆ ಬೇರೆ ನಕ್ಷೆಗಳನ್ನು ಇಟ್ಟುಕೊಂಡು ಹೋಲಿಸುವುದು ಒಳ್ಳೆಯದು. ಎರಡೂ ಒಂದೇ ದಾರಿ ಹೇಳಿದರೆ ಧೈರ್ಯ. ಬೇರೆ ಹೇಳಿದರೆ ಅಲ್ಲಿಯೇ ನಿಂತು ಮನುಷ್ಯರನ್ನು ಕೇಳಬೇಕೆಂದು ಅರ್ಥ.

ಯಂತ್ರದ ಯೋಗ್ಯತೆ ಅರಿಯಲು ಅದನ್ನು ಮೊದಲು ನಮಗೆ ಗೊತ್ತಿರುವ ದಾರಿಯಲ್ಲಿ ಕೇಳಬೇಕು. ನಾವು ಹಾಗೆಯೇ ಕಲಘಟಗಿ, ತಡಸಗಳ ಮೇಲೆ ಮುಂಡಗೋಡಕ್ಕೆ ಹೋಗಿಬಂದೆವು. ದಾರಿಯುದ್ದಕ್ಕೂ ಅದು ಸರಿಯಾಗಿಯೇ ಹೇಳಿತು. ಮುಂಡಗೋಡದ ಬಳಿ 1966ರಿಂದ ನೆಲೆಸಿರುವ ಟಿಬೆಟಿಯನ್ನರ ಹಲವು ಕ್ಯಾಂಪುಗಳಿವೆ. ದ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿವೆ. ನಾವು ಹೋಗಬೇಕಾದ ಮಠವನ್ನು ಬಿಟ್ಟು ಯಂತ್ರ ಬೇರೊಂದು ಕ್ಯಾಂಪಿನ ಬೀದಿಯಲ್ಲಿ "ತಲಪಿದ್ದೀರಿ" ಎಂದಿತು. ಎದುರಿಗೆ ಬಂದ ತರುಣ ಭಿಕ್ಷುವೊಬ್ಬರು ಅಚ್ಚಗನ್ನಡದಲ್ಲಿ ಸರಿದಾರಿ ಹೇಳಿದರು. ದೊಡ್ಡ ರಸ್ತೆಗೆ ಯಂತ್ರ ಸಾಕು, ಕೊನೆಯ ಒಂದು ಮೈಲಿಗೆ ಮನುಷ್ಯ ಬೇಕು ಎಂಬ ಪಾಠ ಅಂದು ದೊರೆಯಿತು.

ಇನ್ನು ಕೆಲವು ಸಣ್ಣ ಕಟ್ಟಳೆಗಳು. ಅತಿ ಹತ್ತಿರದ ದಾರಿಯನ್ನು ಆರಿಸುವ ಆಶೆ ಬಿಡಿ. ಮಣ್ಣುದಾರಿ ಬೇಡವೆನ್ನುವ ಆಯ್ಕೆಯಿದ್ದರೆ ಒತ್ತಿರಿ. ದೂರವಾಣಿಗೆ ಕಾರಿನಲ್ಲಿಯೇ ವಿದ್ಯುತ್ ತುಂಬುವ ತಂತಿ ಇರಲಿ. ನಡೆಸುವವರು ಪರದೆ ನೋಡದಿರಲಿ. ಪಕ್ಕದವರು ಓದಿ ಹೇಳಲಿ. ನಡುವಿನ ಊರುಗಳ ಹೆಸರುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ನಿಂತಲ್ಲಿಯ ಅಕ್ಷಾಂಶ ರೇಖಾಂಶಗಳನ್ನು ಪರದೆಯಲ್ಲಿ ಓದುವುದನ್ನು ಮನೆಯಲ್ಲಿಯೇ ಕಲಿಯಿರಿ. 112ಕ್ಕೆ ಕರೆ ಮಾಡಿದಾಗ ಆ ಅಂಕಿಗಳೇ ನಿಮ್ಮ ವಿಳಾಸ. ಕಾಡಿನ ದಾರಿಯನ್ನು ಹಗಲಿನಲ್ಲೇ ಮುಗಿಸಿರಿ. ಹಿರಿಯರ ಔಷಧವೂ ತಿನಿಸೂ ಡಿಕ್ಕಿಯಲ್ಲಲ್ಲ, ಕೈಗೆಟುಕುವಂತೆ ಇರಲಿ. ದಾರಿ ಕೆಟ್ಟಿತೆಂದು ಅನುಮಾನ ಬಂದ ಕೂಡಲೇ ಹಿಂದಿರುಗಿರಿ. ಮುಂದೆ ಸರಿಯಾದೀತೆಂಬ ಭರವಸೆ ಯಂತ್ರದ್ದಲ್ಲ, ನಮ್ಮ ಹಟದ್ದು.

ಮುಂದಿನ ಮಾಘದಲ್ಲಿ ಅಕ್ಕನವರನ್ನು ಮತ್ತೆ ಕರೆದುಕೊಂಡು ಹೊರಟೆವು. ಸಂದಣಿಯಾದರೂ ಸರಿ, ಚಕ್ಕಡಿಗಳ ದಾರಿಯಲ್ಲೇ ಹೋಗೋಣವೆಂದು ಅವರೇ ಹೇಳಿದ್ದರು. ಎರಡು ನಕ್ಷೆಗಳೂ ಇಳಿದಿದ್ದವು, ಊರುಗಳ ಪಟ್ಟಿ ಅವರ ಮಡಿಲಲ್ಲಿತ್ತು. ದಾಂಡೇಲಿ ದಾಟಿದ ಮೇಲೆ ಅದೇ ಮಣ್ಣುದಾರಿ ಬಂದಿತು. ಯಂತ್ರ ಈ ಸಲ ನೇರ ಹೋಗಲು ಹೇಳಿತು. ಆದರೂ ನಾವು ಚಹಾದ ಅಂಗಡಿಯ ಮುಂದೆ ಕಾರು ನಿಲ್ಲಿಸಿಸಿ, ಇಳಿದು ಹೋಗಿ, "ಉಳವಿಗೆ ಇದೇ ದಾರಿ ಏನ್ರೀ?" ಎಂದು ಕೇಳಿದೆವು. ಮುಂದೆ ಸಾಲಾಗಿ ಹೋಗುತ್ತಿದ್ದ ಚಕ್ಕಡಿಗಳನ್ನು ತೋರಿಸಿ ಅವರು ನಕ್ಕರು. ಒಳಗೆ ಕುಳಿತಿದ್ದ ಅಕ್ಕನವರೂ ನಕ್ಕರು. ಆ ನಗೆಯಲ್ಲಿ ಕಾರ್ತಿಕದ ಆ ಸಂಜೆಯ ಭಾರ ನಮ್ಮ ಮನಸ್ಸಿನಿಂದ ಇಳಿಯಿತು. ಎತ್ತಿನ ಗೆಜ್ಜೆಯ ಸದ್ದಿನ ಹಿಂದೆ ನಿಧಾನವಾಗಿ ಸಾಗಿ, ಹೊತ್ತು ಮುಳುಗುವ ಮುನ್ನ ಉಳವಿಯನ್ನು ತಲಪಿದೆವು.